ಗೋಡೆ ದಾಟಿದ ಹೇಂಟೆಗಳು

ಕೊಂಡಾಪುರದ ಆ ಓಣಿಯಲ್ಲಿ ಹಿತ್ತಲು ಉಳಿದಿದ್ದ ಮನೆ ಉಮಾಬಾಯಿಯದೊಂದೇ. ಸುತ್ತಲಿನ ಖಾಲಿ ಜಾಗಗಳಲ್ಲೆಲ್ಲ ಸಾಫ್ಟ್‌ವೇರ್ ಹುಡುಗರಿಗೆ ಬಾಡಿಗೆ ಕೊಡಲು ಐದಂತಸ್ತಿನ ಕಟ್ಟಡಗಳು ಏಳುತ್ತಿದ್ದವು. ಉಮಾಬಾಯಿಯ ಗಂಡ ಆನಂದಕುಮಾರ ಬೇಗಂಪೇಟೆಯ ಒಂದು ಆಫೀಸಿನಲ್ಲಿ ನೌಕರ. ಬೀದರ ಕಡೆಯವರು, ಅಂಗಡಿಯ ಬಿಳಿ ಮೊಟ್ಟೆ ಬಾಯಿಗೆ ಹತ್ತುವುದಿಲ್ಲವೆಂದು ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದ್ದರು.

ಎರಡು ಸಾವಿರದ ಎರಡರಲ್ಲಿ ಅವರ ಮನೆಯ ಪಾತ್ರೆ ತೊಳೆದು, ಕೋಳಿ ನೋಡಿಕೊಳ್ಳುತ್ತಿದ್ದವಳು ಶಿವದೇವಿ. ಔರಾದ ತಾಲೂಕಿನವಳು, ಗಂಡ ಬಂಡೆಪ್ಪನದು ಗಾರೆ ಕೆಲಸ. ಆ ಬೇಸಿಗೆಯಲ್ಲಿ ಒಂದು ವಾರ ಬುಟ್ಟಿಯಲ್ಲಿ ಮೊಟ್ಟೆಗಳೇ ಕಾಣಲಿಲ್ಲ. ಉಮಾಬಾಯಿ ಓಣಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಶಿವದೇವಿಯ ತಗಡಿನ ಜೋಪಡಿಗೆ ಬಂದು, ಟ್ರಂಕನ್ನು ಬಾಗಿಲಲ್ಲೇ ಬೋರಲು ಹಾಕಿಸಿದಳು. ಎರಡು ಸೀರೆ, ಒಂದು ಡಜನ್ ಬಳೆ, ಸತ್ತ ತಾಯಿಯ ಫೋಟೊ ನೆಲಕ್ಕೆ ಬಿದ್ದವು. ಫೋಟೊದ ಗಾಜು ಒಡೆಯಿತು.

“ಎಲ್ಲಿ ಮಾರಿ ಬಂದಿ, ಕಳ್ಳಿ?” ಎಂದಳು ಉಮಾಬಾಯಿ.

ಎಂಟು ದಿನದ ಮೇಲೆ ನೀರಿನ ಟ್ಯಾಂಕಿನ ಹಿಂದೆ, ಹಲಗೆಗಳ ಸಂದಿಯಲ್ಲಿ ಹನ್ನೊಂದು ಮೊಟ್ಟೆ ಸಿಕ್ಕವು. ಕೋಳಿಗಳೇ ಕದ್ದು ಇಟ್ಟಿದ್ದವು. ಉಮಾಬಾಯಿ ಅಕ್ಕಪಕ್ಕದವರಿಗೆ ಹೇಳಿ ನಕ್ಕಳು. ಕೆಲಸ ಬಿಟ್ಟುಹೋಗಿದ್ದ ಶಿವದೇವಿಗೆ ಒಂದು ಮಾತೂ ಹೇಳಲಿಲ್ಲ.

ಮರುವರ್ಷ ಉಮಾಬಾಯಿಯ ಮನೆಗೆ ಅಂಟಿಕೊಂಡೇ ಒಂದು ಕಟ್ಟಡ ಶುರುವಾಯಿತು. ಅದರ ಕಾವಲು ಬಂಡೆಪ್ಪನಿಗೆ ಸಿಕ್ಕಿತು. ಗಂಡಹೆಂಡತಿ ಗೋಡೆಗಿನ್ನೂ ಗಿಲಾವು ಕಾಣದ ನೆಲ ಅಂತಸ್ತಿನಲ್ಲಿ ಬಿಡಾರ ಹೂಡಿದರು. ಅಷ್ಟರಲ್ಲಿ ಉಮಾಬಾಯಿಯ ಹಳೆಯ ಕೋಳಿಗಳೆಲ್ಲ ರೋಗ ಬಂದು ಸತ್ತಿದ್ದವು. ಅವಳು ಮೂರು ತಿಂಗಳ ಎಂಟು ಹೇಂಟೆಗಳನ್ನು ತರಿಸಿದಳು. ನಡುವಿನ ಕಾಂಪೌಂಡ್ ಗೋಡೆ ಒಂದು ಕಡೆ ಲಾರಿ ತಾಗಿ ಮೊಣಕಾಲೆತ್ತರಕ್ಕೆ ಕುಸಿದಿತ್ತು. ಅಲ್ಲಿ ನಿಂತು ಉಮಾಬಾಯಿ ಏನೂ ಆಗಿಲ್ಲವೆಂಬಂತೆ ಕೂಗಿದಳು:

“ಏ ಶಿವದೇವಿ, ಇವಕ್ಕ ಏನ ಹಾಕಬೇಕ? ಚಿಪ್ಪಿನ ಪುಡಿ ಹಾಕಿದ್ರ ಲಗೂನ ತತ್ತಿ ಇಡತಾವಂತ, ಖರೇ ಏನು?”

ಶಿವದೇವಿ ಗೋಡೆಯ ಬಳಿ ಬಂದಳು. ಸುಳ್ಳು ಹೇಳಿ ಆ ಹೇಂಟೆಗಳನ್ನು ಹಾಳು ಮಾಡಬಹುದಿತ್ತು. ಆದರೆ ಅವಳಿಗೆ ಅವು ಚೆನ್ನಾಗಿ ಬೆಳೆಯುವುದು ಬೇಕಾಗಿತ್ತು.

“ಈಗs ಚಿಪ್ಪು ಬ್ಯಾಡ್ರಿ ಅಕ್ಕಾರ, ಎಳೀ ಹೇಂಟಿಗೆ ತ್ರಾಸಾಗತದ. ಜ್ವಾಳದ ನುಚ್ಚು, ಶೇಂಗಾ ಹಿಂಡಿ, ಹಸೀ ಸೊಪ್ಪು ಹಾಕ್ರಿ. ಬರೇ ಅನ್ನ ಹಾಕಿದ್ರ ಕೊಬ್ಬತಾವು. ಜುಟ್ಟು ಕೆಂಪಾದ ಮ್ಯಾಲ ಚಿಪ್ಪಿನ ಚೂರು ಬ್ಯಾರೆ ತಟ್ಟ್ಯಾಗ ಇಡ್ರಿ, ಬೇಕಾದಷ್ಟು ತಾವೇ ತಿಂತಾವು.”

ಉಮಾಬಾಯಿ ಹಾಗೇ ಮಾಡಿದಳು. ಹೇಂಟೆಗಳು ಹಗಲೆಲ್ಲ ಕುಸಿದ ಗೋಡೆ ದಾಟಿ ಬಂದು ಮರಳಗುಡ್ಡೆಯಲ್ಲಿ ಕೆದರುತ್ತಿದ್ದವು. ಶಿವದೇವಿ ಗೆದ್ದಲು ಹತ್ತಿದ ಹಲಗೆಗಳನ್ನು ತಂದು ಅವುಗಳ ಮುಂದೆ ಕೊಡವುತ್ತಿದ್ದಳು. ಎರಡು ತಿಂಗಳು ಕಳೆಯುವುದರಲ್ಲಿ ಎಲ್ಲಕ್ಕಿಂತ ಮೊದಲು ಕರಿ ಹೇಂಟೆಯ ಜುಟ್ಟು ಕೆಂಪೇರಿತು. ಬೆನ್ನ ಮೇಲೆ ಕೈಯಿಟ್ಟರೆ ಓಡದೆ ರೆಕ್ಕೆ ಅಗಲಿಸಿ ನೆಲಕ್ಕೆ ಕೂತುಬಿಟ್ಟಿತು. ಶಿವದೇವಿ ಅದನ್ನೆತ್ತಿ ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಿದಳು. ಮೊದಲು ಒಂದು ಬೆರಳೂ ಹಿಡಿಸದಿದ್ದ ಕಡೆ ಈಗ ಎರಡು ಹಿಡಿಸಿದವು. ವಾರದೊಳಗೆ ಮೊಟ್ಟೆ ಖಂಡಿತ.

ಅಂದೇ ಅವಳು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸಿಮೆಂಟ್ ಚೀಲ ಹಾಸಿ, ಟೈಲ್ಸ್ ಪೆಟ್ಟಿಗೆಯ ಹುಲ್ಲು ತುಂಬಿದಳು. ಮರಳಲ್ಲಿ ಸಿಕ್ಕ ದುಂಡನೆಯ ಬಿಳಿ ಕಲ್ಲೊಂದನ್ನು, ಕೋಳಿಗೆ ಮೊಟ್ಟೆಯಂತೆ ಕಾಣಲೆಂದು, ನಡುವೆ ಇಟ್ಟಳು.

ಬಂಡೆಪ್ಪ ನೋಡಿದ. “ಏನ ಮಾಡಾಕತ್ತಿ ಇದು?”

“ಕಳ್ಳಿ ಅಂದಾಳಲ್ರಿ, ಕಳ್ಳತನ ಮಾಡಾಕತ್ತೀನಿ.”

ಐದನೆಯ ದಿನ ಕರಿ ಹೇಂಟೆ ಅಲ್ಲಿ ಚಿಕ್ಕದೊಂದು ಮೊಟ್ಟೆಯಿಟ್ಟಿತು. ಹದಿನೈದು ದಿನದಲ್ಲಿ ಎಂಟೂ ಅಲ್ಲಿಗೇ ಬರತೊಡಗಿದವು. ಬೆಳಿಗ್ಗೆ ಬಂದು ಇಟ್ಟು, ಸಂಜೆ ಉಮಾಬಾಯಿಯ ಗೂಡಿಗೆ ಹೋಗಿ ಮಲಗುತ್ತಿದ್ದವು. ಶಿವದೇವಿ ಆ ಮೊಟ್ಟೆಗಳನ್ನು ದೂರದಲ್ಲಿ ಮಾರಲಿಲ್ಲ. ತನ್ನ ಟ್ರಂಕು ಬೋರಲಾಗುವಾಗ ನಿಂತು ನೋಡಿದ್ದ ತುಳಸಾಬಾಯಿ ಮೊದಲಾದ ಆ ನಾಲ್ಕು ಹೆಂಗಸರಿಗೇ, ಊರಿಂದ ಬಂದವೆಂದು ಹೇಳಿ, ಒಯ್ದು ಮಾರಿದಳು. ಓಣಿಯೆಲ್ಲ ಉಮಾಬಾಯಿಯ ಕೋಳಿಯ ಮೊಟ್ಟೆ ತಿನ್ನುತ್ತಿತ್ತು, ಉಮಾಬಾಯಿಯ ಮನೆಯೊಂದನ್ನು ಬಿಟ್ಟು.

ಕೊನೆಗೆ ಉಮಾಬಾಯಿಯೇ ಗೋಡೆಯ ಬಳಿ ಬಂದಳು. “ತುಳಸಾಬಾಯಿ ಹೇಳಿದ್ಲು, ನಿನ್ನ ಕಡೆ ಚೊಲೊ ಜವಾರಿ ತತ್ತಿ ಸಿಗತಾವಂತ. ನಾಲ್ಕು ಕೊಡು. ನನ್ನ ಮನಿಯಾವು ಬರೇ ತಿಂದು ಕುಂಡ್ರತಾವು.”

ಶಿವದೇವಿ ಆರಿಸಿ ದೊಡ್ಡವನ್ನೇ ಕೊಟ್ಟು ದುಡ್ಡು ಎಣಿಸಿಕೊಂಡಳು. ಆ ದಿನವೆಲ್ಲ ಅವಳಿಗೆ ಹಸಿವೇ ಆಗಲಿಲ್ಲ, ಅಷ್ಟು ಸಂತೋಷ.

ಆದರೆ ಮುಂದಿನ ರವಿವಾರ ಉಮಾಬಾಯಿಯ ಮನೆಗೆ ನೆಂಟರು ಬಂದರು. ಬಂಜೆ ಕೋಳಿಗಳನ್ನು ಸಾಕಿ ಏನು ಫಲವೆಂದು ಅವಳು ಗೂಡಿನ ಬಾಗಿಲು ತೆರೆಯುವ ಮೊದಲೇ ಕೊಯ್ಯುವವನನ್ನು ಕರೆಸಿದಳು. ಗೋಡೆಯಾಚೆ ಕರಿ ಹೇಂಟೆ ಕಿರುಚಿದ್ದು ಶಿವದೇವಿಗೆ ಕೇಳಿತು. ಅವಳು ಎದ್ದು ನಿಂತಳು. ಬೇಡವೆಂದು ಕೂಗಿದರೆ ಎಲ್ಲ ಹೊರಬೀಳುತ್ತದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಸದ್ದು ನಿಂತಿತು.

ಕೊಯ್ದವನು ಹೊಟ್ಟೆ ಬಗೆದು ಗಾಬರಿಯಾದ. ಒಳಗೆ ಸಿಪ್ಪೆ ಗಟ್ಟಿಯಾದ ಒಂದು ಪೂರ್ತಿ ಮೊಟ್ಟೆ, ಅದರ ಹಿಂದೆ ಸಾಲಾಗಿ ಸಣ್ಣದರಿಂದ ದೊಡ್ಡದರ ತನಕ ಹಳದಿ ಗುಂಡುಗಳು. “ಅಮ್ಮಾ, ಇದು ದಿನಾ ಮೊಟ್ಟೆ ಇಡೋ ಕೋಳಿ!” ಎಂದ.

ಉಮಾಬಾಯಿ ರಕ್ತದ ತಟ್ಟೆ ಹಿಡಿದುಕೊಂಡೇ ಗೋಡೆಗೆ ಬಂದಳು. ಹಿಂದೆ ತುಳಸಾಬಾಯಿಯೂ ನೆಂಟರೂ ಇದ್ದರು. “ನನ್ನ ತತ್ತಿ ನನಗs ಮಾರಿದಿಯಲ್ಲ, ಕಳ್ಳಿ!”

“ಹೌದ್ರಿ, ಮಾರೀನಿ,” ಎಂದಳು ಶಿವದೇವಿ. “ಅವತ್ತ ಕದ್ದಿರಲಿಲ್ಲ, ಕಳ್ಳಿ ಅಂದ್ರಿ. ಈ ಸಲ ಖರೇನ ಕದ್ದೀನಿ. ಈಗ ಅನ್ರಿ, ಎಷ್ಟ ಬೇಕಾದ್ರೂ ಅನ್ರಿ.”

ಪೊಲೀಸರನ್ನು ಕರೆಯುತ್ತೇನೆಂದು ಉಮಾಬಾಯಿ ಕಿರುಚಿದಳು. ಆಗ ತುಳಸಾಬಾಯಿ ಮೆಲ್ಲಗೆ, “ಕರೀರಿ. ಹೋದ ವರ್ಷದ್ದೂ ನಾವು ಹೇಳಬೇಕಾಗತದ,” ಎಂದಳು. ಉಮಾಬಾಯಿಯ ಮುಖ ಸಪ್ಪಗಾಯಿತು. ನೆಂಟರ ಮುಂದೆ ಅವಳಿಗೆ ತಲೆಯೆತ್ತಲಾಗಲಿಲ್ಲ. ತಟ್ಟೆಯನ್ನು ಅಲ್ಲೇ ಗೋಡೆಯ ಮೇಲಿಟ್ಟು ಒಳಗೆ ಹೋದಳು.

ದೂರು ಕಟ್ಟಡದ ಮಾಲೀಕನ ತನಕ ಹೋಗಿ, ಬಂಡೆಪ್ಪನ ಕಾವಲು ಹೋಯಿತು. ಪಟಾನ್‌ಚೆರು ಕಡೆಯ ಒಂದು ಗೋದಾಮಿನಲ್ಲಿ ಕೆಲಸ ಹುಡುಕಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಬಂಡೆಪ್ಪ ಕೇಳಿದ:

“ಸಮಾಧಾನ ಆತೇನು?”

“ಭಾಳ ಆತು,” ಎಂದಳು ಶಿವದೇವಿ. ಬಸ್ಸು ಮಿಯಾಪುರ ದಾಟಿತು. “ಕರಿ ಹೇಂಟಿ ಒಂದು ಉಳಿಬೇಕಾಗಿತ್ತು. ನಾನು ಒಂದ ಮಾತ ಲಗೂ ಕೂಗಿದ್ರ ಉಳೀತಿತ್ತು.”