ತುಂಗಮ್ಮನ ಡಬರಿ

ಆ ಬೆಳಗ್ಗೆ ತುಂಗೆಯ ಮೇಲಿಂದ ಎದ್ದ ಮಂಜು ಕೋಟೆಯ ಬೀದಿಯನ್ನೆಲ್ಲ ತುಂಬಿತ್ತು. ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಕಾಣುತ್ತಿರಲಿಲ್ಲ. ಸಿದ್ದಯ್ಯ ಮೇಷ್ಟ್ರು ಭದ್ರಾವತಿಯ ಬಾಡಿಗೆ ಮನೆ ಬಿಟ್ಟು ಶಿವಮೊಗ್ಗಕ್ಕೆ ಬಂದು ಮೂರು ದಿನವಾಗಿತ್ತು. ಮೂರು ದಿನದಿಂದಲೂ ಹೆಂಡತಿ ಪುಟ್ಟಲಕ್ಷ್ಮಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

ಸಾಮಾನು ಕಟ್ಟುವ ದಿನ ಅವರು ಆಕೆಗೆ ಹೇಳಿದ್ದರು: "ಅಟ್ಟದ ಮೇಲಿನ ಹಳೇ ಪಾತ್ರೆ ಎಲ್ಲಾನೂ ಗುಜರಿಯವನಿಗೆ ಹಾಕ್ಬಿಡು."

"ಅದರಲ್ಲಿ ಒಂದು ಹಿತ್ತಾಳೆ ಡಬರಿ ಇದೆ ರೀ, ಅದು..."

"ಅಟ್ಟದ ಮೇಲಿದೆ ತಾನೇ? ಹಳೇದು ತಾನೇ?"

"ಹೂಂ."

"ಎಲ್ಲಾನೂ ಹಾಕು ಅಂದೆ. ಇದೂ ಅದರಲ್ಲೊಂದು. ಇದನ್ನೂ ಹಾಕು. ಮುಗೀತಲ್ಲ ಮಾರಾಯ್ತಿ!"

ಇಪ್ಪತ್ತು ವರ್ಷ ಕಾಲೇಜಿನಲ್ಲಿ ತರ್ಕ ಕಲಿಸಿದ ನಾಲಿಗೆ. ಪುಟ್ಟಲಕ್ಷ್ಮಿ ಡಬರಿ ಹಾಕಿದಳು.

ಮಂಜು ಕವಿದ ಆ ದಿನ ತರಗತಿಯಲ್ಲಿ ಆಜ್ಞೆಗಳ ಪಾಠ. ಮೇಷ್ಟ್ರು ಅದನ್ನೇ ಹಲಗೆಯ ಮೇಲೆ ಬರೆದರು: ಪಾತ್ರೆಗಳನ್ನೆಲ್ಲ ಮಾರು, ಡಬರಿ ಅವುಗಳಲ್ಲೊಂದು, ಆದ್ದರಿಂದ ಡಬರಿಯನ್ನು ಮಾರು.

ಸುಮನಾ ಎಂಬ ವಿದ್ಯಾರ್ಥಿನಿ ಎದ್ದಳು. "ಸರ್, ಕಾಗೆಗಳೆಲ್ಲ ಕಪ್ಪು ಅಂದಮೇಲೆ ಒಂದು ಬಿಳಿ ಕಾಗೆ ಸಿಕ್ರೆ, ಮೊದಲ ಮಾತೇ ಸುಳ್ಳು ಅಂತೀವಿ. ಆಜ್ಞೆ ನಿಜಾನೂ ಅಲ್ಲ, ಸುಳ್ಳೂ ಅಲ್ಲ. ಆ ಡಬರಿ ಮಾರಬಾರದ್ದು ಅಂತ ಗೊತ್ತಾದ್ರೆ?"

"ಆಜ್ಞೇನ ಹಿಂದಕ್ಕೆ ತಗೋಬೇಕು."

"ಯಾರು ಸರ್? ಕೇಳಿಸ್ಕೊಂಡೋರಾ, ಹೇಳಿದೋರಾ?"

"ಹೇಳಿದೋರೇ."

ಹಿಂದಿನ ಬೆಂಚಿನಿಂದ ಭೀಮೇಶ್ ಕೂಗಿದ: "ನಮ್ಮನೇಲಿ ಹೇಳಿದೋರು ಯಾವತ್ತೂ ತಗೊಳ್ಳಲ್ಲ ಸರ್!"

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಮನೆಗೆ ಬಂದವರೇ ಕೇಳಿದರು: "ಆ ಡಬರಿ ಯಾರದು?"

"ಭದ್ರಾವತೀಲಿ ನಮ್ಮ ಪಕ್ಕದ್ಮನೆ ತುಂಗಮ್ಮಂದು. ನಿಮಗೆ ಜ್ವರ ಬಂದಾಗ ಅದರಲ್ಲೇ ದಿನಾ ಗಂಜಿ ತಂದಿದ್ದು. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಏನಾದ್ರೂ ಸಿಹಿ ಮಾಡಿ ತುಂಬಿ ಕೊಡೋಣ ಅಂತ ಎತ್ತಿಟ್ಟೆ. ಇವತ್ತು ನಾಳೆ ಅಂತ ಹಾಗೇ ಉಳೀತು. ಅವರಿಗೆ ತವರಿಂದು ಅಂತ ಇದ್ದಿದ್ದು ಅದೊಂದೇ. ಈಗ ನನ್ನ ಕಳ್ಳಿ ಅಂದ್ಕೊಂಡಿರ್ತಾರೆ."

"ಆವತ್ತೇ ಹೇಳಬಾರದಿತ್ತಾ?"

ಪುಟ್ಟಲಕ್ಷ್ಮಿ ಅವರ ಮುಖ ನೋಡಿದಳು. ಮೇಷ್ಟ್ರು ತಲೆ ತಗ್ಗಿಸಿದರು. ಶಿವನೇ, ಗಂಜಿ ಕುಡಿದ ಬಾಯಿಂದಲೇ 'ಇದನ್ನೂ ಹಾಕು' ಅನ್ನೋ ಮಾತು ಬಂತಲ್ಲ.

ಮರುದಿನ ಭದ್ರಾವತಿಗೆ ಹೋದರು. ಗುಜರಿ ಅಂಗಡಿಯ ಜಂಬಣ್ಣ ಮೂಲೆ ತೋರಿಸಿದ. "ಹಿತ್ತಾಳೆ ಎಲ್ಲ ಜಜ್ಜಿ ಮೂಟೆ ಕಟ್ಟಿದ್ದೀನಿ ಮೇಷ್ಟ್ರೇ. ಮಾರಿದ್ದು ನೀವೇ, ಹುಡುಕೋದೂ ನೀವೇನಾ!"

ಮೂರನೆಯ ಮೂಟೆಯಲ್ಲಿ ಸಿಕ್ಕಿತು. ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದ ತುಂಗಮ್ಮನ ಹೆಸರು ಅರ್ಧ ಮಡಚಿಹೋಗಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ರಿಪೇರಿಯವನು ಎರಡು ದಿನ ಬಡಿದು ದುಂಡಗೆ ಮಾಡಿದ. ಮೊದಲಿನಂತೆ ಆಗಲಿಲ್ಲ.

ಪುಟ್ಟಲಕ್ಷ್ಮಿ ಪಾಯಸ ಮಾಡಿ ಅದರ ತುಂಬ ಸುರಿದಳು. ಇಬ್ಬರೂ ಭದ್ರಾವತಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಡಬರಿ ಮೇಷ್ಟ್ರ ತೊಡೆಯ ಮೇಲಿತ್ತು.

ತುಂಗಮ್ಮ ಬಾಗಿಲಲ್ಲೇ ನಿಂತು ಡಬರಿಯನ್ನೂ ಪುಟ್ಟಲಕ್ಷ್ಮಿಯನ್ನೂ ನೋಡಿದರು.

"ಹಾಕು ಅಂದಿದ್ದು ನಾನು. ಇವಳು ಬೇಡ ಅನ್ನೋಕೆ ಬಂದಿದ್ಲು, ನಾನು ಬಿಡಲಿಲ್ಲ," ಎಂದರು ಮೇಷ್ಟ್ರು. ಆಮೇಲೆ ಎರಡೂ ಕೈಯಿಂದ ಡಬರಿಯನ್ನು ತುಂಗಮ್ಮನ ಕೈಗೆ ಕೊಟ್ಟರು.