ಒಂದು ಕೊಡ ನೀರಿನ ಋಣ

ನಾನು ಕಬ್ಬಿಣದ ಪೆಟ್ಟಿಗೆ. ತಿಜೋರಿಯೆಂದು ಹಿಗ್ಗಬೇಡಿ. ನನ್ನ ಹೊಟ್ಟೆಯಲ್ಲಿ ಬಂಗಾರವಿರಲಿಲ್ಲ, ವಾಯರುಗಳಿದ್ದವು. ಗೋಡೆಗೆ ಅಂಟಿಕೊಂಡು ಕರೆಂಟನ್ನು ಕಾಯುವ ಜಾತಿ ನಮ್ಮದು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ತಗಡು ಕತ್ತರಿಸಿ, ಮಡಚಿ, ಮೂಲೆಗಳನ್ನು ಬೆಸೆದು, ಬೂದು ಬಣ್ಣ ಬಳಿದು ನನ್ನನ್ನು ಲೋಕಕ್ಕೆ ಬಿಟ್ಟರು.

ಗದಗಿನ ಅಂಗಡಿಯೊಂದರಲ್ಲಿ ಬಹಳ ಕಾಲ ಧೂಳು ತಿಂದೆ. ಬಂದವರೆಲ್ಲ ತೆಳ್ಳಗಿನ ಪ್ಲಾಸ್ಟಿಕ್ ಬಾಕ್ಸುಗಳನ್ನೇ ಮುದ್ದಿನಿಂದ ಒಯ್ಯುತ್ತಿದ್ದರು. ನಾನು ದಪ್ಪ, ಆಳ, ಮೇಲಾಗಿ ಭಾರ. ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಒಂದು ದಿನ ದಾವಲಸಾಬ ಎಂಬ ವಾಯರ್‌ಮನ್ ಬಂದ, ಜೊತೆಗೆ ಕಂಬಾರ ಮೌನೇಶ. ಇಪ್ಪತ್ತು ವರ್ಷ ಬೇರೆಯವರ ವರ್ಕ್‌ಶಾಪಿನಲ್ಲಿ ದುಡಿದ ಮೌನೇಶ ಈಗ ತನ್ನ ಮನೆಯ ಗಾಡಿ ಶೆಡ್ಡಿನಲ್ಲೇ ಗೇಟು, ಗ್ರಿಲ್ ಮಾಡುವ ಸ್ವಂತ ಕೆಲಸ ಶುರು ಮಾಡುವ ಹುರುಪಿನಲ್ಲಿದ್ದ. ವೆಲ್ಡಿಂಗ್ ಮಶೀನಿಗೆ ಮೂರು ಫೇಸಿನ ಸಾಕೆಟ್ ಬೇಕಿತ್ತು. ಅವನೂ ಪ್ಲಾಸ್ಟಿಕ್ಕಿಗೇ ಕೈ ಹಾಕಿದ.

“ಅದು ಬ್ಯಾಡೋ ತಮ್ಮಾ. ನಾಕನೂರಾ ನಲವತ್ತು ವೋಲ್ಟ್ ಐತಿ. ಶೆಡ್ಡಿನ್ಯಾಗ ಕಿಡಿ ಹಾರ್ತಾವ, ಕಬ್ಬಿಣ ಬಡೀತಾವ” ಎಂದ ದಾವಲಸಾಬ. ನನ್ನ ಮುಚ್ಚಳ ತೆಗೆದು ಒಳಗೆ ಇಡೀ ಕೈ ಇಟ್ಟು ತಿರುಗಿಸಿದ. “ಇದರಾಗ ನೋಡು, ಕೈ ಆರಾಮ ತಿರಗತೈತಿ. ವಾಯರಿಗೂ ಹಂಗ ಜಾಗ ಬೇಕು. ಇಕ್ಕಟ್ಟಿನ್ಯಾಗ ತುರುಕಿದ್ರ ಬಿಸಿ ಆಗ್ತಾವ.”

ನನ್ನ ದಪ್ಪ ಹೊಟ್ಟೆಯನ್ನು ಹೊಗಳಿದ ಮೊದಲ ಮನುಷ್ಯ ಅವನು. ಅವನಿಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಶೆಡ್ಡಿನ ಗೋಡೆಗೆ ಎದೆಯೆತ್ತರದಲ್ಲಿ ನನ್ನನ್ನು ಬಿಗಿದ. ತಗಡಿನ ಅಂಚು ವಾಯರಿನ ಮೈ ಕೊಯ್ಯದಿರಲೆಂದು ತೂತುಗಳಿಗೆಲ್ಲ ರಬ್ಬರಿನ ಬಳೆ ತೊಡಿಸಿದ. ಕೊನೆಗೆ ನನ್ನ ಮೈಗೆ ಹಸಿರು ವಾಯರೊಂದನ್ನು ಕಟ್ಟಿ ಅಂಗಳದ ಗುಂಡಿಯವರೆಗೆ ಒಯ್ದ. ಆ ಗುಂಡಿಯಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ತುಂಬಿದ. ಅದಕ್ಕೆ ಅರ್ಥಿಂಗ್ ಎನ್ನುತ್ತಾರೆ.

ಮೌನೇಶನ ಹೆಂಡತಿ ಕಾಳವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಏನಣ್ಣಾ, ಇಷ್ಟ ಉಪ್ಪ ಸುರೀತೀರಿ, ಉಪ್ಪಿನಕಾಯಿ ಹಾಕ್ತೀರೇನು?” ಎಂದು ನಕ್ಕಳು.

ದಾವಲಸಾಬ ನಗಲಿಲ್ಲ. “ಯವ್ವಾ, ಈ ಡಬ್ಬಿ ಕಬ್ಬಿಣದ್ದು. ಒಳಗ ವಾಯರ್ ಕೆಟ್ಟು ಇದರ ಮೈಗೆ ತಾಗಿತಂದ್ರ ಮುಟ್ಟಿದವರನ್ನ ಬಿಡಂಗಿಲ್ಲ. ಆ ಕರೆಂಟ್ ಭೂಮಿಗೆ ಇಳಿಯಾಕ ಇದ ದಾರಿ. ನೆಲ ಒಣಗಿದ್ರ ದಾರಿ ಕಟ್ಟತೈತಿ. ದಿನಾ ಒಂದ್ ಕೊಡ ನೀರ ಹಾಕ್ರಿ, ಮರೀಬ್ಯಾಡ್ರಿ.”

ಕಾಯುವವನೆಂದು ಬೀಗುತ್ತಿದ್ದ ನಾನು ಕೊಲ್ಲಲೂ ಬಲ್ಲೆನೆಂದು ತಿಳಿದದ್ದು ಅಂದೇ. ಅಲ್ಲಿಂದ ಮುಂದೆ ಯಾರ ಕೈ ನನ್ನ ಮೇಲೆ ಬಿದ್ದರೂ ಒಳಗೊಳಗೇ ಹೆದರುತ್ತಿದ್ದೆ.

ಕಾಳವ್ವ ಆ ಮಾತನ್ನು ಗಂಟು ಹಾಕಿಕೊಂಡಳು. ಬೇಸಿಗೆಯಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾಯುವ ಊರು. ಅವಳು ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲ ಕೂಡಿಡುತ್ತಿದ್ದಳು. ಬೆಳಿಗ್ಗೆ ಆ ಕೊಡವನ್ನು ಗುಂಡಿಗೆ ಸುರಿಯುತ್ತಿದ್ದಳು. ಆಮೇಲೆ ಗಂಡನನ್ನು ಚಹಾಕ್ಕೆ ಕರೆಯಲು ಬರಿಗಾಲಲ್ಲೇ ಶೆಡ್ಡಿಗೆ ಬರುವಳು. ನೆಲದ ಮೇಲಿನ ಕಬ್ಬಿಣದ ತುಂಡುಗಳನ್ನು ದಾಟುವಾಗ ಆಸರೆಗೆಂದು ಒದ್ದೆ ಕೈಯನ್ನು ನನ್ನ ತಲೆಯ ಮೇಲೆ ಊರುವಳು. ನನಗೆ ಭಯ, ಅವಳಿಗೆ ಅದರ ಪರಿವೆಯೇ ಇಲ್ಲ.

“ಕುಡಿಯಾಕ ನೀರಿಲ್ಲ, ಈಕಿ ಪೈಪಿಗೆ ನೀರ ಹಾಕ್ತಾಳ. ಯಾವಾಗ ಚಿಗುರತೈತಿ ಅದು?” ಎಂದು ಮೌನೇಶ ಕಾಡುತ್ತಿದ್ದ.

“ನಿಮಗ ಇಷ್ಟ ವರ್ಷ ಅನ್ನ ಹಾಕೇನಿ, ನೀವೇನ್ ಚಿಗುರೀರೇನು?” ಎನ್ನುವಳು ಅವಳು.

ಕೆಲಸ ಕೈಹಿಡಿಯಿತು. ಮೌನೇಶ ಕಬ್ಬಿಣ ಉಜ್ಜುವ ಗ್ರೈಂಡರ್ ತಂದ. ಅವಸರದಲ್ಲಿ ತಾನೇ ನನ್ನ ಪಕ್ಕೆಗೆ ಇನ್ನೊಂದು ತೂತು ಕೊರೆದು ವಾಯರು ಎಳೆದ. ಆ ತೂತಿಗೆ ರಬ್ಬರಿನ ಬಳೆ ತೊಡಿಸಲಿಲ್ಲ. “ನಾಳೆ ಹಾಕಿದ್ರಾತು” ಎಂದ. ಆ ನಾಳೆ ಮಳೆಗಾಲಕ್ಕೂ ಬರಲಿಲ್ಲ, ಚಳಿಗಾಲಕ್ಕೂ ಬರಲಿಲ್ಲ. ಅವನು ಗ್ರೈಂಡರ್ ಎಳೆದಾಡಿದಾಗಲೆಲ್ಲ ನನ್ನ ಹರಿತ ಅಂಚು ಆ ವಾಯರನ್ನು ಚೂರುಚೂರೇ ಕೊಯ್ಯುತ್ತಿತ್ತು. ಬೇಡವೆಂದು ನಾನು ಯಾರಿಗೆ ಹೇಳಲಿ?

ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಕಾಳವ್ವ ಗುಂಡಿಗೆ ನೀರು ಸುರಿದು, ಖಾಲಿ ಕೊಡ ಹಿಡಿದು ಒಳಗೆ ಬಂದು, ಎಂದಿನಂತೆ ನನ್ನ ತಲೆಯ ಮೇಲೆ ಕೈಯಿಟ್ಟಳು. ಅದೇ ಹೊತ್ತಿಗೆ ಮೌನೇಶ ಗ್ರೈಂಡರಿನ ವಾಯರು ಜಗ್ಗಿದ. ಒಳಗಿನ ತಾಮ್ರ ನನ್ನ ಮೈಗೆ ತಾಗಿತು. ನನ್ನ ಮೈತುಂಬ ಬೆಂಕಿ, ಮೇಲೆ ಅವಳ ಒದ್ದೆ ಕೈ. ಮುಗಿಯಿತೆಂದುಕೊಂಡೆ.

ಆದರೆ ಆ ಬೆಂಕಿ ಹಸಿರು ವಾಯರಿನ ದಾರಿ ಹಿಡಿದು, ಈಗಷ್ಟೇ ತೊಯ್ದ ಇದ್ದಿಲಿನೊಳಗೆ ಇಳಿದುಹೋಯಿತು. ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಫಟ್ಟನೆ ಬಿತ್ತು. “ಯವ್ವಾ!” ಎಂದು ಕಾಳವ್ವ ಕೈ ಕಿತ್ತುಕೊಂಡು ನೆಲಕ್ಕೆ ಕುಸಿದಳು. ಕೊಡ ಉರುಳಿತು. ಅವಳು ತೋಳು ಉಜ್ಜಿಕೊಳ್ಳುತ್ತಾ ಎದ್ದು ಕುಳಿತಳು. ತೋಳಿಗೆ ಜೋಮು ಹಿಡಿದದ್ದು ಬಿಟ್ಟರೆ ಇನ್ನೇನೂ ಆಗಿರಲಿಲ್ಲ.

ಸುದ್ದಿ ತಿಳಿದು ದಾವಲಸಾಬ ಓಡಿಬಂದು ನನ್ನನ್ನು ಬಿಚ್ಚಿದ. ಕೊಯ್ದ ವಾಯರನ್ನೂ ಬಳೆಯಿಲ್ಲದ ತೂತನ್ನೂ ನೋಡಿದ. ಅಂಗಳಕ್ಕೆ ಹೋಗಿ ಗುಂಡಿಯ ಮಣ್ಣಿಗೆ ಬೆರಳಿಟ್ಟು ಬಂದ. “ತಮ್ಮಾ, ಕೊಲ್ಲಾಕ ನೀ ತೂತು ಕೊರದಿದ್ದಿ. ಆಕೀ ಹಾಕಿದ ನೀರ ಆಕಿನ್ನ ಉಳಿಸೇತಿ” ಎಂದ. ಮೌನೇಶ ಅವನೆದುರೇ ಹೆಂಡತಿಯ ಕೈ ಹಿಡಿದು ಅತ್ತ. ಅಳಲು ನನಗೆ ಕಣ್ಣಿರಲಿಲ್ಲ.

ವರ್ಷಗಳು ಉರುಳಿದವು. ದೊಡ್ಡ ಮಶೀನು ಬಂತು, ಹೊಸ ಪೆಟ್ಟಿಗೆ ಬಂತು, ವಾಯರುಗಳನ್ನೆಲ್ಲ ಬಿಚ್ಚಿ ನನ್ನನ್ನು ಗೋಡೆಯಿಂದ ಇಳಿಸಿದರು. ಇನ್ನು ಗುಜರಿಯೇ ಗತಿ ಎಂದುಕೊಂಡಿದ್ದೆ. ಕಾಳವ್ವ ತಡೆದಳು. ಗುಂಡಿಯ ಕಲ್ಲುಮುಚ್ಚಳ ಒಡೆದಿತ್ತು. ನನ್ನನ್ನು ಒಯ್ದು ಆ ಪೈಪಿನ ಮೇಲೆ ಬೋರಲು ಹಾಕಿದಳು. ನನ್ನ ಆಳದ ಹೊಟ್ಟೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಅವಳು ತವರಿಗೆ ಹೋದರೆ ಮೌನೇಶನ ಫೋನು ಬೆಳಿಗ್ಗೆಯೇ ರಿಂಗಾಗುತ್ತದೆ. “ನೀರ ಹಾಕಿದ್ರೇನು?” “ಹಾಕೇನವಾ. ಎರಡ್ ಕೊಡ ಹಾಕೇನಿ” ಎನ್ನುತ್ತಾನೆ. ಚಿಗುರುವ ಮಾತು ಈಗ ಅವನ ಬಾಯಲ್ಲಿ ಬರುವುದಿಲ್ಲ.

ಮೈಗೆ ತುಕ್ಕು ಹಿಡಿದಿದೆ, ಹಿಡಿಯಲಿ. ಬೆಳಿಗ್ಗೆ ಕಾಳವ್ವ ಬರುತ್ತಾಳೆ, ನನ್ನನ್ನು ಎತ್ತಿ ಪಕ್ಕಕ್ಕಿಡುತ್ತಾಳೆ, ನೀರು ಸುರಿಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಏಳುವಾಗ ಮೊಣಕಾಲು ನೋವೆಂದು ಒದ್ದೆ ಕೈಯನ್ನು ನನ್ನ ಬೆನ್ನಿನ ಮೇಲೆ ಊರುತ್ತಾಳೆ. ಈಗ ನನಗೆ ಭಯವಿಲ್ಲ. ಎಷ್ಟು ಹೊತ್ತು ಬೇಕಾದರೂ ಊರಲಿ.