ಹಿಡಿಗೂದಲು

ಕಾಲ್ಬೆರಳಿಗೆ ಎಂತದೋ ಮೆತ್ತಗೆ ಸುತ್ತಿಕೊಂಡಿತು, ಎರೆಹುಳವೇ ಇರಬೇಕು, ಮಳೆ ಬಿಟ್ಟು ತಿಂಗಳಾದರೂ ಈ ಬಚ್ಚಲಿಗೆ ಬರುವುದುಂಟು, ನೀಲಾ ಬಗ್ಗಿ ನೋಡಿದಳು, ಹುಳ ಅಲ್ಲ, ಕೂದಲು, ತನ್ನದೇ, ಬಿಳಿ ಕಪ್ಪು ಕಲೆತ ಉಂಡೆಯೊಂದು ನೀರು ಹೋಗುವ ಕಂಡಿಗೆ ಅಡ್ಡ ಕೂತಿದೆ, ಪಾದ ಮುಳುಗುವಷ್ಟು ನೊರೆನೀರು ನಿಂತಿದೆ — ಎರಡು ಬೆರಳಲ್ಲಿ ಹಿಡಿದು ಎಳೆದಳು, ಬಂತು, ಇನ್ನೂ ಬಂತು, ಮೀನಿನ ಕರುಳಿನ ಹಾಗೆ ಬರುತ್ತಲೇ ಇದೆ, ಇಷ್ಟೆಲ್ಲ ನಿನ್ನೆವರೆಗೆ ತಲೆಯಲ್ಲೇ ಇತ್ತಲ್ಲ, ಅರವತ್ತಮೂರು ವರ್ಷ ಎಣ್ಣೆ ಕುಡಿದು ಈಗ ಹೇಳದೆ ಕೇಳದೆ ಹೊರಟಿತಲ್ಲ, ಉಂಡೆಯನ್ನು ಗೋಡೆಗೆ ರಪ್ಪನೆ ಹೊಡೆದಳು, ಅಲ್ಲೇ ಅಂಟಿಕೊಂಡಿತು. ಬಿಸಿನೀರು ಹುಯ್ದರೆ ನೇರ ಚರ್ಮಕ್ಕೇ ತಾಗಿ ಸುಡುತ್ತದೆ, ಮೊದಲು ನೀರು ಬುಡಕ್ಕಿಳಿಯಲು ಎರಡು ಚೊಂಬು ಬೇಕಿತ್ತು. ನೆತ್ತಿಯ ಹಿಂದೆ ಅಂಗೈಯಗಲ ಜಾಗ ನುಣ್ಣಗಾಗಿದೆ, ಒಂದು ಎಳೆಯೂ ಇಲ್ಲ, ಕುಮಟೆಯ ಚರ್ಮದ ಡಾಕ್ಟರಮ್ಮ ಅಲ್ಲೇ ಬೆರಳಿಟ್ಟು ಒತ್ತಿದ್ದಳು, ಸೊಸೆ ರೇಖಾ ಬೇಡವೆಂದರೂ ಕೇಳದೆ ಭಟ್ಕಳದಲ್ಲಿ ರೈಲು ಹತ್ತಿಸಿ ಕರೆದುಕೊಂಡು ಹೋಗಿದ್ದು, ಉಳಿದದ್ದು ವಯಸ್ಸಿಗೆ ಉದುರ್ತಾ ಇದೆ ಅಮ್ಮಾ, ಇಲ್ಲಿ ಮಾತ್ರ ಕೂದಲಿನ ಬೇರೇ ಸತ್ತಿದೆ, ವರ್ಷಗಟ್ಟಲೆ ಜಗ್ಗಿದರೆ ಹೀಗಾಗ್ತದೆ, ಬಿಗಿಯಾಗಿ ಜಡೆ ಹಾಕ್ತಿದ್ರಾ, ಎಂದು ಡಾಕ್ಟರಮ್ಮ ಕೇಳಿದಳು, ಹೌದು, ಬಿಗಿ ಜಡೆ, ಎಂದಳು ನೀಲಾ, ರೇಖಾ ಕಿಟಕಿಯ ಕಡೆ ಮುಖ ತಿರುಗಿಸಿದಳು, ಆರು ವರ್ಷ ಒಂದೇ ಮನೆಯಲ್ಲಿ ಇದ್ದವಳು, ಅವಳಿಗೆ ಗೊತ್ತು. ಹಿಂದೆ ಬರುವಾಗ ಹೊನ್ನಾವರದ ಹೊಳೆ ದಾಟಿದ ಮೇಲೆ ರೇಖಾ ಮೆಲ್ಲಗೆ, ಅತ್ತೆ, ಡಾಕ್ಟ್ರ ಹತ್ರ ಹೇಳಬಹುದಿತ್ತಲ್ಲ — ಎಂತ ಹೇಳೂದೇ, ಹೇಳಿದ್ರೆ ಸತ್ತ ಬೇರು ಬದುಕ್ತದಾ.

ಗಂಡ ತಿಮ್ಮಪ್ಪನ ಐದು ಬೆರಳು ಎಲ್ಲಿ ಇಳಿಯುತ್ತಿದ್ದವೋ ಅಲ್ಲೇ, ಅಷ್ಟೇ ಅಗಲಕ್ಕೆ, ಅಳತೆ ತೆಗೆದ ಹಾಗೆ ಬೋಳು. ಹೆಣ್ಣು ನೋಡಲು ಬಂದ ದಿನ ಅವನ ತಾಯಿ ಜಡೆ ಬಿಚ್ಚಿಸಿ ನಿಲ್ಲಿಸಿದ್ದಳು, ಮೊಣಕಾಲು ಮುಟ್ಟುವ ಕೂದಲು, ಹೆಣ್ಣು ಬಡವರ ಮನೆಯದಾದರೂ ಅಡ್ಡಿಲ್ಲ ಎಂದಳಂತೆ ಮುದುಕಿ, ಅವನು ಬಾಗಿಲ ಮರೆಯಿಂದ ನೋಡಿ ನಕ್ಕ, ತನಗೂ ನಗು ಬಂದಿತ್ತು, ದೇವರೇ, ನಗು ಬಂದಿತ್ತಲ್ಲ. ಮದುವೆಯಾದ ಮೂರನೇ ವಾರ ಬಂಗಡೆ ಸಾರಿಗೆ ಹುಳಿ ಹೆಚ್ಚಾಯಿತು ಎಂಬುದೇ ನೆಪ, ಬೋಟಿನವನು, ಹಗ್ಗ ಸುತ್ತಿ ರೂಢಿ, ಜಡೆಯನ್ನು ಮುಂಗೈಗೆ ಎರಡು ಸುತ್ತು ಸುತ್ತಿ ಬುಡಕ್ಕೆ ಬೆರಳು ಹೊಗಿಸಿ ಒಂದು ಜಗ್ಗು, ಒಲೆಕಟ್ಟೆಯ ಅಂಚಿಗೆ ಹಣೆ, ಒಡೆದ ಸದ್ದು ಹಣೆಯದೋ ಮಡಕೆಯದೋ, ಮತ್ತೆ ಮಗ ಸಂತೋಷ ಹೊಟ್ಟೆಯಲ್ಲಿದ್ದಾಗ ಅಂಗಳದ ಆ ತುದಿಯಿಂದ ಈ ತುದಿಗೆ, ಕಾಲು ನೆಲಕ್ಕೆ ತಾಗದ ಹಾಗೆ, ಕಣ್ಣಿನ ಚರ್ಮ ಹಿಂದಕ್ಕೆ ಎಳೆದು ಆಕಾಶ ಬಿಟ್ಟು ಬೇರೇನೂ ಕಾಣದ ಹಾಗೆ, ನೋವಾಗ್ತದೆ ನೋವಾಗ್ತದೆ ಎಂದು ಕೂಗುವುದು, ಅವನು ಕೇಳಿಸಿಕೊಳ್ಳದೆ ಉಸಿರು ಬಿಡುವುದು, ಎಳೆಯುವಾಗ ಅವನ ಬಾಯಿಂದ ಬರುವ ಆ ಹ್ಮ್ ಎಂಬ ಸದ್ದು, ಬಲೆ ಭಾರವಾಗಿದ್ದಾಗ ಹೊರಡುವ ಸದ್ದೇ. ಒಮ್ಮೆ ಕತ್ತರಿ ಹಿಡಿದಿದ್ದಳು, ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿ ಒಗೆದುಬಿಡುವ, ಹಿಡಿಯುವುದಕ್ಕೇ ಸಿಗದಿರಲಿ ಎಂದು, ಅತ್ತೆ ಬಂದು ಕತ್ತರಿ ಕಸಿದಳು, ಗಂಡ ಇರುವವಳು ಕೂದಲು ಕತ್ತರಿಸೂದುಂಟಾ ಎಂತದೇ ನಿಂಗೆ, ಆತು, ಇರಲಿ ಬಿಡಿ, ಮತ್ತೆ ಎಣ್ಣೆ ಹಚ್ಚಿದಳು, ಮತ್ತೆ ಹೆಣೆದಳು, ಪ್ರತಿ ಬೆಳಿಗ್ಗೆ ತನ್ನ ಕೈಯಾರೆ ಹೆಣೆದು ಅವನಿಗೆ ಹಿಡಿಯಲು ಕೊಟ್ಟಳು.

ಮೈ ಒರೆಸಿಕೊಂಡು ಒಳಗೆ ಬಂದರೆ ರೇಖಾ ಚೌರಿ ಹಿಡಿದು ಕಾಯುತ್ತಿದ್ದಾಳೆ, ಭಟ್ಕಳ ಪೇಟೆಯಿಂದ ಅವಳೇ ತಂದ ಚೌರಿ, ಕುಳಿತ್ಕೊಳ್ಳಿ ಅತ್ತೆ, ಮದುವೆ ಮನೆಗೆ ಹಾಗೇ ಹೋಗೂದು ಬೇಡ, ಉಳಿದ ನಾಲ್ಕೆಳೆಯನ್ನು ಒಟ್ಟು ಮಾಡಿ ಪಿನ್ನು ಚುಚ್ಚಿ ಅದನ್ನು ಸಿಕ್ಕಿಸಿದಳು, ತುರುಬು ಕಟ್ಟಿದಳು, ಕನ್ನಡಿಯಲ್ಲಿ ಯಾರೋ ಇದ್ದಾರೆ, ಪರವಾಗಿಲ್ಲದ ಹೆಂಗಸು. ಆಚೆಮನೆಯ ಬೀಬಿಯಮ್ಮನ ಮೊಮ್ಮಗಳ ನಿಕಾ, ಈ ಜಾಲಿ ಊರಲ್ಲಿ ಅವರ ಮನೆಯ ಯಾವ ಮದುವೆಗೂ ಮಲ್ಲಿಗೆ ನೀಲಾಳೇ ಕಟ್ಟಿಕೊಡುವುದು, ಕಳೆದ ಮದುವೆಯಲ್ಲಿ ಬೀಬಿಯಮ್ಮ ಒಂದು ತುಂಡು ತೆಗೆದು, ನೀಲಮ್ಮಾ, ನೀವೂ ಮುಡೀರಿ ಎಂದು ಕೊಟ್ಟಳು, ಮುಡಿದು ಮೂರು ಹೆಜ್ಜೆ ಇಟ್ಟದ್ದಷ್ಟೇ, ಜಾರಿ ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ಹುಡುಗಿಯರು ದಾಟಿಕೊಂಡು ಹೋದರು, ಬಗ್ಗಿ ಹೆಕ್ಕಲಿಲ್ಲ, ತನ್ನದಲ್ಲ ಎಂಬ ಹಾಗೆ ನಡೆದುಬಿಟ್ಟಳು, ಇವತ್ತು ಬೀಳುವುದಿಲ್ಲ, ರೇಖಾ ತುರುಬಿಗೆ ಮಲ್ಲಿಗೆ ಮುಡಿಸಿ ಎರಡು ಕಡೆ ಪಿನ್ನು ಹಾಕಿದ್ದಾಳೆ — ಚಾ ಎಲ್ಲಿ, ಎಂದು ಅಂಗಳದಿಂದ ತಿಮ್ಮಪ್ಪನ ಕೂಗು, ಎಪ್ಪತ್ತು ದಾಟಿದೆ, ತಲೆಯಲ್ಲಿ ಒಂದು ಕೂದಲು ಕಡಿಮೆ ಆಗಿಲ್ಲ, ಬೆಳ್ಳಗೆ, ದಟ್ಟ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾನೆ, ಲೋಟ ಕೊಟ್ಟಳು, ತುಟಿಗಿಟ್ಟವನೇ ಅಂಗಳಕ್ಕೆ ಚೆಲ್ಲಿದ, ತಣ್ಣಗಿದೆ, ಸಿಂಗಾರ ಮಾಡ್ಕಂಡು ಯಾರ ಮುಂದೆ ಕುಣೂಕೆ ಹೊರಟದ್ದೇ ಮುದುಕಿ, ಲೋಟ ತೆಗೆದುಕೊಳ್ಳಲು ಬಗ್ಗಿದಳು, ಕೈ ಬಂತು, ಅದೇ ಕೈ, ಬೆರಳು ತುರುಬಿಗೆ ಇಳಿಯಿತು, ಜಗ್ಗಿದ, ಹ್ಮ್ — ಅವಳು ಕಣ್ಣು ಮುಚ್ಚಿ ಕತ್ತು ಬಿಗಿಮಾಡಿದಳು, ಏನೂ ಆಗಲಿಲ್ಲ, ಪಿನ್ನು ಮಾತ್ರ ಚರ್ಮ ಗೀರಿತು. ಕಣ್ಣು ಬಿಟ್ಟರೆ ಚೌರಿ ಅವನ ಕೈಯಲ್ಲಿ ಸತ್ತ ಇಲಿಯ ಹಾಗೆ ಜೋತಾಡುತ್ತಿದೆ, ಮಲ್ಲಿಗೆ ನೆಲಕ್ಕೆ ಬಿದ್ದಿದೆ, ಅವನು ಒಂದು ಕ್ಷಣ ಅದನ್ನು ನೋಡಿದ, ಆಮೇಲೆ ನಗತೊಡಗಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ರೇಖಾ, ಬಾರೇ ಇಲ್ಲಿ, ನಿನ್ನತ್ತೆ ತಲೆ ಕಿತ್ತು ಬಂತು ನೋಡು, ಇನ್ನು ಹಿಡೂಕೆ ಎಂತ ಉಂಟು ಇದರಲ್ಲಿ, ಬೇಲಿಯಾಚೆ ಮದುವೆಮನೆಯ ಹೆಂಗಸರು ಈ ಕಡೆ ತಿರುಗಿದರು, ಅವನು ಅದನ್ನು ಅವರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

ಹೊಡೆತಕ್ಕೆಲ್ಲ ಸುಮ್ಮನಿದ್ದವಳು, ಈ ನಗುವಿಗೆ — ಯಾವಾಗ ಕೈ ಹೋಯಿತೋ, ಹೇಗೆ ಹೋಯಿತೋ, ಅವನ ತಲೆಯ ಹಿಂದೆ ಅವಳ ಐದು ಬೆರಳು ಬುಡದವರೆಗೆ ಇಳಿದಿವೆ, ಎಷ್ಟು ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ, ಹಿಡಿಯುವುದಕ್ಕೆಂದೇ ಬೆಳೆಸಿದ ಹಾಗೆ, ಮಲ್ಲಿಗೆ ಕಟ್ಟಿ ಕಟ್ಟಿ ಗಟ್ಟಿಯಾದ ಬೆರಳು, ಜಗ್ಗಿದಳು, ಅವನು ಕಲ್ಲಿನಿಂದ ಉರುಳಿದ, ಎಳೆದಳು, ಚೆಲ್ಲಿದ ಚಾದ ಮೇಲಿನಿಂದ, ಮಲ್ಲಿಗೆಯ ಮೇಲಿನಿಂದ, ಅಂಗಳದ ಆ ತುದಿಗೆ, ಅವನ ಕಾಲು ಮಣ್ಣು ಗೀರುತ್ತಾ ಬರುತ್ತಿದೆ, ಮತ್ತೆ ಈ ತುದಿಗೆ, ಹಣೆ ಒಗೆಯುವ ಕಲ್ಲಿಗೆ ಬಡಿಯಿತು, ಬಡಿದಳು, ಇನ್ನೊಂದು ಸಲ, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು, ನೀಲಾ, ಬಿಡೇ, ನೋವಾಗ್ತದೆ, ಎಂದ ತಿಮ್ಮಪ್ಪ, ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಕೇಳಿರಲಿಲ್ಲ, ಮಗುವಿನ ದನಿ, ಮತ್ತು ಆಗ ಇನ್ನೊಂದು ಸದ್ದು ಕೇಳಿಸಿತು, ಹ್ಮ್, ಯಾರದು, ಹ್ಮ್, ತನ್ನದೇ ಗಂಟಲಿಂದ. ಇಷ್ಟು ಸುಲಭವಾ ಇದು, ಇಷ್ಟು ಹಿತವಾ, ಇದಕ್ಕೇ ಅಲ್ಲವಾ ಅವನು ಮತ್ತೆ ಮತ್ತೆ — ಅತ್ತೆ, ಸಾಕು, ಬಿಡಿ, ಸಾಯ್ತಾರೆ, ರೇಖಾ ಓಡಿ ಬಂದು ಸೊಂಟ ಹಿಡಿದಳು, ಬಿಡ್ತೆ, ಬಿಡ್ತೆ ಎನ್ನುತ್ತಿದ್ದಾಳೆ ನೀಲಾ, ನಿಜಕ್ಕೂ ಬಿಡಬೇಕೆಂದೇ ಇದೆ, ಬೆರಳಿಗೆ ಕೇಳುತ್ತಿಲ್ಲ, ರೇಖಾ ಅಳುತ್ತಾ ಅತ್ತೆಯ ಒಂದೊಂದೇ ಬೆರಳು ಬಿಡಿಸುತ್ತಿದ್ದಾಳೆ, ಕಿರುಬೆರಳು ಬಿಡಿಸಿ ಉಂಗುರದ ಬೆರಳಿಗೆ ಬಂದರೆ ಕಿರುಬೆರಳು ಮತ್ತೆ ಮುಚ್ಚಿಕೊಳ್ಳುತ್ತದೆ, ಬೆಚ್ಚಗಿನ ಬುರುಡೆ, ಎಣ್ಣೆಯ ಜಿಡ್ಡು, ಗೆಣ್ಣಿನ ಕೆಳಗೆ ಅವನ ನಾಡಿ ಹಕ್ಕಿಮರಿಯ ಹಾಗೆ ಬಡಿಯುತ್ತಿದೆ, ಬಿಡಿಸುತ್ತಾಳೆ, ಮುಚ್ಚಿಕೊಳ್ಳುತ್ತದೆ, ಬಡಿಯುತ್ತಿದೆ, ಬಿಡಿಸುತ್ತಾಳೆ, ಮುಚ್ಚಿಕೊಳ್ಳುತ್ತದೆ —